ಅಳತೆ ಸಿಗದ ಮಳೆ

ಸಂದರ್ಶನದ ಕೋಣೆಗೆ ಅವಳು ಕಾಲಿಟ್ಟ ಕೂಡಲೇ, ಸಂದರ್ಶಕರ ಸಾಲಿನಲ್ಲಿದ್ದ ಅವನು ಎದ್ದು ನಿಂತ. ಪಕ್ಕದಲ್ಲಿದ್ದ ಪ್ರೊಫೆಸರಮ್ಮನ ಕಿವಿಯಲ್ಲಿ ಏನೋ ಹೇಳಿ, ಒಳಬಂದವಳ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟ.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಅಷ್ಟೂ ಲಾಯಕ್ಕಿಲ್ಲವೇ...

ಬರಗಾಲವನ್ನು ಮುಂಚಿತವಾಗಿ ಹೇಳುವ ಗಣಿತದ ಮಾದರಿ ಕಟ್ಟುವುದು ಆ ಪ್ರಯೋಗಾಲಯದ ಕೆಲಸ. ಅಲ್ಲಿ ಪಿಎಚ್‌ಡಿಗೆ ಇದ್ದದ್ದು ಒಂದೇ ಸೀಟು. ಸಹಾಯಕಿಯಾಗಿ ಸೇರಿದ ದಿನದಿಂದ ಅವಳು ಆಸೆಪಟ್ಟಿದ್ದು ಅದಕ್ಕೇ. ಅವನು ಅಲ್ಲಿನ ಹಿರಿಯ ವಿಜ್ಞಾನಿ. ಮಾತಾಡಿದರೆ ಮುತ್ತು ಉದುರಿಬಿಡುತ್ತದೆ ಎಂಬಂತೆ ಬಾಯಿ ಮುಚ್ಚಿಕೊಂಡಿರುವವನು. ಬೆನ್ನ ಹಿಂದೆ ಎಲ್ಲರೂ ‘ಗುಮ್ಮಣ್ಣ’ ಎನ್ನುತ್ತಿದ್ದರು.

ಸೇರಿದ ಹೊಸತರಲ್ಲಿ ಅವಳ ಮಾದರಿ, ಹಚ್ಚ ಹಸಿರು ಕಣಿವೆಯೊಂದಕ್ಕೆ ಭೀಕರ ಬರ ಬರುತ್ತದೆಂದು ಸಾರಿತ್ತು. ಎಲ್ಲರೂ ನಕ್ಕರು. ಅವನು ಮಾತ್ರ ನಗದೆ, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ತಪ್ಪು ಹುಡುಕಿಕೊಟ್ಟ. ಮಳೆಮಾಪಕ ಕೆಟ್ಟಿದ್ದ ದಿನಗಳು ಅಂಕಿ ಇಲ್ಲದೆ ಖಾಲಿ ಇದ್ದವು. ಅವಳು ಅಲ್ಲೆಲ್ಲ ಸೊನ್ನೆ ತುಂಬಿದ್ದಳು.

"ಅಳತೆ ಸಿಕ್ಕಿಲ್ಲ ಅಂದ್ರೆ ಮಳೆ ಬಂದಿಲ್ಲ ಅಂತಲ್ಲ," ಎಂದಿದ್ದ. ಅಷ್ಟೇ. ಆ ಮೆಲುದನಿಗೇ ಅವಳು ಸೋತಿದ್ದಳು.

ಆಮೇಲೆ ಒಟ್ಟಿಗೆ ಮಾಡಿದ ಕೆಲಸವೆಷ್ಟು, ಮಾತಿಲ್ಲದೆ ಕಿಟಕಿಯ ಬಳಿ ಕುಡಿದ ಚಹಾ ಎಷ್ಟು! ತನ್ನ ಬೆಲೆ ಅವನಿಗೆ ಗೊತ್ತು ಎಂದುಕೊಂಡಿದ್ದಳು. ಈಗ ಅವನೇ ಎದ್ದುಹೋಗಿದ್ದ.

ಹೇಗೋ ಉತ್ತರಿಸಿ ಮನೆಗೆ ಬಂದಳು. ಸಪ್ಪೆ ಮುಖ ನೋಡಿದ ಅಕ್ಕ, "ಬರಗಾಲ ಹುಡುಕೋಕೆ ಹೋಗಿ ಮುಖದಲ್ಲೇ ಹೊತ್ಕೊಂಡು ಬಂದಿದ್ದೀಯಲ್ಲೇ," ಎಂದು ಛೇಡಿಸಿದಳು. ತಂಗಿ ನಗಲಿಲ್ಲ, ಅತ್ತುಬಿಟ್ಟಳು. ಅಕ್ಕ ಮತ್ತೇನೂ ಕೇಳದೆ ತಲೆ ನೇವರಿಸಿದಳು.

ಕೆಲವು ದಿನಗಳಲ್ಲಿ ಸುದ್ದಿ ಬಂತು. ಸೀಟು ಅವಳಿಗೇ ಸಿಕ್ಕಿತ್ತು. ಆದರೆ ತನ್ನನ್ನು ಒಪ್ಪದವನ ಎದುರು ವರ್ಷಗಟ್ಟಲೆ ಕೂರುವುದು ಹೇಗೆ? ಬೇಡವೆಂದು ಹೇಳಿಬಿಡಲು ಅವಳು ಪ್ರೊಫೆಸರಮ್ಮನ ಕೋಣೆಯತ್ತ ಹೊರಟಳು. ಮೆಟ್ಟಿಲ ಬಳಿ ಅವನೇ ಎದುರಾದ. ವಿಷಯ ಕೇಳಿ ಅವನ ಮುಖ ಬಿಳಿಚಿತು.

"ಯಾಕೆ?"

"ನೀವು ಎದ್ದುಹೋದ್ರಲ್ಲ. ನಿಮ್ಮ ಲೆಕ್ಕದಲ್ಲಿ ನಾನು ಸೊನ್ನೆ ಅಂತ ಗೊತ್ತಾಯ್ತು."

ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡ.

"ಮತ್ತೆ ಅದೇ ತಪ್ಪು ಮಾಡಿದ್ರಿ. ನಾನು ಸೊನ್ನೆ ಕೊಡ್ಲಿಲ್ಲ, ಖಾಲಿ ಬಿಟ್ಟೆ. ನ್ಯಾಯವಾಗಿ ಮಾರ್ಕ್ಸ್ ಕೊಡೋದು ನನ್ನ ಕೈಲಿ ಆಗ್ತಿರಲಿಲ್ಲ."

"ಯಾಕೆ ಆಗ್ತಿರಲಿಲ್ಲ?"

"ಮೇಡಂಗೆ ಹೇಳಿದ್ದೂ ಅದೇನೇ... ಈ ಹುಡುಗೀನ ಪ್ರೀತಿಸ್ತೀನಿ, ನಾನು ಇಲ್ಲಿ ಕೂರಬಾರದು ಅಂತ."

ಅವಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ನಗುವೂ ಬಂತು.

"ನನ್ನ ಬಿಟ್ಟು ಮೇಡಂಗೆ ಹೇಳಿದ್ರಾ?"

"ಸೀಟು ಸಿಗ್ಲಿ ಅಂತ ಕಾದೆ. ಮುಂಚೆನೇ ಹೇಳಿದ್ರೆ ಅದು ನಿಮ್ಮ ಸ್ವಂತ ಗೆಲುವು ಆಗ್ತಿರಲಿಲ್ಲ."

ಗುಮ್ಮಣ್ಣ ಇಷ್ಟೊಂದು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಕಣ್ಣೊರೆಸಿಕೊಂಡಳು.

"ಖಾಲಿ ಬಿಟ್ಟಿದ್ದನ್ನ ಈಗ ತುಂಬಿ, ನೋಡೋಣ."

ಅವನು ಮೇಲೆ ಪ್ರೊಫೆಸರಮ್ಮನ ಕೋಣೆಯತ್ತ ಕೈ ತೋರಿಸಿದ. "ಹೋಗಿ ಸೀಟು ಒಪ್ಕೊಂಡು ಬಾ. ಇಲ್ಲೇ ಕಾಯ್ತಿರ್ತೀನಿ."

ಎರಡು ಮೆಟ್ಟಿಲು ಹತ್ತಿದವಳು ತಿರುಗಿ ನಿಂತಳು.

"ಏನಂದ್ರಿ? ಬನ್ನಿ ಅಂತಾನಾ?"

"ಅಲ್ಲ," ಎಂದ ಅವನು. "ಬಾ ಅಂದೆ."