ಕಾವಲಿನ ಜಾಗ

“ಬರೀ ಮಣ್ಣೆಂದು ಹಗುರವಾಗಿ ನೋಡಬೇಡ. ಹಿಂದೆ ದೊರೆ ಸತ್ತರೆ ಬದುಕಿರುವವರನ್ನೇ ಗೋರಿಯ ಸುತ್ತ ಕಾವಲಿಗೆ ನಿಲ್ಲಿಸಿ ಹೂಳುತ್ತಿದ್ದರಂತೆ. ಅವರ ಬದಲಿಗೆ ಬಂದ ಗೊಂಬೆಗಳು ಇವು. ಒಂದನ್ನು ತೆಗೆದರೆ ಒಂದು ಜಾಗ ಖಾಲಿ. ಅದು ಸುಮ್ಮನಿರುವುದಿಲ್ಲ.”

ಜಪಾನಿನ ಪುರಾತನ ಗೋರಿದಿಬ್ಬದ ಮೇಲೆ ನಿಂತು ಗೊಂಬೆಗಳನ್ನು ನೋಡಿಕೊಳ್ಳುವ ಮುದುಕ ಮೊರಿತ ಹೀಗೆಂದಾಗ ಶೋಭಿತ್ ನಕ್ಕಿದ್ದ. ಮಂಗಳೂರಿನ ಗುಡ್ಡಗಳು ಮಳೆಗೆ ಜರಿಯದಂತೆ ತಡೆಯುವ ಎಂಜಿನಿಯರ್ ಅವನು. ಆ ವಿದ್ಯೆಯನ್ನೇ ಇನ್ನಷ್ಟು ಕಲಿಯಲು ಅಲ್ಲಿಗೆ ಹೋಗಿ, ಜರಿದ ದಿಬ್ಬವನ್ನು ಉಳಿಸುವ ತಂಡ ಸೇರಿದ್ದ. ಕೆಸರಿನಲ್ಲಿ ಸಿಕ್ಕ ಗೊಂಬೆಗಳನ್ನು ತೊಳೆದು, ಮೊದಲಿದ್ದ ಕುಳಿಯಲ್ಲೇ ಮತ್ತೆ ನಿಲ್ಲಿಸುವುದು ಅಲ್ಲಿನ ಕೆಲಸ. ಊರಿಗೆ ಹೊರಡುವ ಮುನ್ನ ಶೋಭಿತ್ ಮುರಿದ ಗೊಂಬೆಯೊಂದರ ತಲೆಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅಂಗೈಯಗಲದ ಮುಖ, ಕಣ್ಣಿರಬೇಕಾದಲ್ಲಿ ಎರಡು ತೂತು. ಇಷ್ಟು ಗೊಂಬೆಗಳಲ್ಲಿ ಒಂದು ಹೋದರೆ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡ. ವಿಮಾನದಲ್ಲಿ ಮಾತ್ರ ಒಳಗೊಳಗೇ ಚುಚ್ಚಿತು. ಮೊರಿತ ಅವನನ್ನು ನಂಬಿ ಗೊಂಬೆಗಳ ಕೋಣೆಯ ಕೀಲಿ ಕೊಟ್ಟಿದ್ದ.

ಮಂಗಳೂರಿನ ಮಣ್ಣಗುಡ್ಡದ ಮನೆಗೆ ಅವನು ಬಂದದ್ದು ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಬಡಿಸುವ ದಿನ. ಒಳಕೋಣೆಯಲ್ಲಿ ದೀಪ, ಬಾಳೆಲೆಗಳ ಸಾಲು, ಕೋಳಿಸಾರಿನ ಘಮ. ತಾಯಿ ಕುಶಲಾ ಒಬ್ಬೊಬ್ಬ ಹಿರಿಯರ ಹೆಸರು ಹೇಳಿ ಎಲೆಗೆ ಬಡಿಸಿದರು. ಕೊನೆಗೆ, ಹೆಸರು ಮರೆತುಹೋದವರಿಗೆಂದು ಒಂದು ಎಲೆ. ಇನ್ನು ಬಾಗಿಲೆಳೆದು ಮನೆಮಂದಿ ಹೊರಗೆ ಕೂರಬೇಕು. ಸತ್ತವರು ಬಂದು ಉಂಡು ಹೋಗುತ್ತಾರೆ.

ನಮ್ಮ ಶೋಭಿತ್ ಸಾಹೇಬರಿಗೆ ಆಗ ತಮಾಷೆ ಹೊಳೆಯಿತು. ಕೊನೆಯ ಎಲೆಯೆದುರು ಮಣ್ಣಿನ ತಲೆಯನ್ನು ತಂದಿಟ್ಟ.

“ಅದೆಂತ ಮಗಾ?” ಎಂದರು ಕುಶಲಾ.

“ಜಪಾನಿನ ನೆಂಟ. ಅಂಗಡಿಯಲ್ಲಿ ತಕ್ಕೊಂಡದ್ದು.”

“ಬೇಡ ಮಾರಾಯ. ನಮ್ಮ ಎಲೆಯಲ್ಲಿ ಉಂಡವ ನಮ್ಮವನೇ ಆಗ್ತಾನೆ. ಮತ್ತೆ ಕಳಿಸ್ಲಿಕ್ಕೆ ಆಗುದಿಲ್ಲ.”

“ಇರ್ಲಿ ಬಿಡಮ್ಮ, ಮನೆ ಕಾಯ್ತಾನೆ.”

ಬಾಗಿಲು ತೆರೆದಾಗ ಉಳಿದೆಲ್ಲ ಎಲೆಗಳಲ್ಲಿ ಅನ್ನ ಇದ್ದಂತೆಯೇ ಇತ್ತು. ಕೊನೆಯದು ಮಾತ್ರ ನೆಕ್ಕಿದಷ್ಟು ಚೊಕ್ಕ. ಮಣ್ಣಿನ ತುಟಿಗಳು ಸಾರಿನ ಎಣ್ಣೆಯಿಂದ ಹೊಳೆಯುತ್ತಿದ್ದವು. ಬೆಕ್ಕಿನ ಕೆಲಸ ಎಂದ ಶೋಭಿತ್. ದನಿಯಲ್ಲಿ ಜೀವವಿರಲಿಲ್ಲ.

ಮರುದಿನ ಸಂಜೆ ತಂಗಿ ಚೈತಾಲಿ ಕೊಡಿಯಾಲ್‌ಬೈಲಿನ ಆಫೀಸಿನಿಂದ ಬಂದವಳು ಅಂಗಳದಲ್ಲೇ ನಿಂತುಬಿಟ್ಟಳು. ಮಳೆ ಹೊಯ್ಯುತ್ತಿತ್ತು. ಕರೆಂಟು ಹೋಗಿತ್ತು.

“ಅಣ್ಣ, ಕಾಲು ಬರ್ತಾ ಇಲ್ಲ. ಅಡಿಯಿಂದ ಯಾರೋ ಹಿಡಿದ ಹಾಗೆ ಉಂಟು.”

ಅವಳ ಸುತ್ತ ಒಂದು ಹಳಸಲು, ತಣ್ಣನೆಯ ಮಣ್ಣಿನ ವಾಸನೆ ಎದ್ದಿತ್ತು. ನಮ್ಮೂರಿನ ಕೆಂಪು ಮಣ್ಣಿನದಲ್ಲ. ಜರಿದ ಗೋರಿದಿಬ್ಬದ್ದು. ಶೋಭಿತ್ ತಂಗಿಯ ಬಳಿ ಓಡಿದ. ಕಾಲು ಹಿಡಿದು ಎಳೆದ. ಅಲುಗಲಿಲ್ಲ. ಮೊಣಕಾಲಿನವರೆಗೆ ಸುಟ್ಟ ಮಣ್ಣು. ಉಗುರು ತಾಗಿದರೆ ಮಡಕೆಯ ಸದ್ದು.

ಒಳಗೋಡಿದ. ತಲೆಯನ್ನು ತಂದು ಕೆಸರಿಗೆ ಒತ್ತಿದ. ಕೆಸರು ಅದನ್ನು ಹೊರಕ್ಕೆ ತಳ್ಳಿತು. ಮತ್ತೆ ಒತ್ತಿದ. ಮತ್ತೆ ತಳ್ಳಿತು. ಎಲೆಯಲ್ಲಿ ಉಂಡ ಮೇಲೆ ಅದೀಗ ಈ ಮನೆಯದು. ಗೋರಿದಿಬ್ಬದ ಖಾಲಿ ಜಾಗಕ್ಕೆ ಈ ಮನೆಯಿಂದಲೇ ಒಬ್ಬರು ಹೋಗಬೇಕು.

“ತೆಗೆದದ್ದು ಯಾರು?”

ನೆಲದಡಿಯಿಂದ ಬಂದ ದನಿ. ಚೈತಾಲಿಯ ಸೊಂಟ ಮಣ್ಣಾಯಿತು. ಎದೆ ಮಣ್ಣಾಗುತ್ತಿತ್ತು. ನಾನು ಎಂದರೆ ಸಾಕಿತ್ತು. ಅವಳನ್ನು ಬಿಟ್ಟು ಅವನನ್ನು ಹಿಡಿಯುತ್ತಿತ್ತು. ಶೋಭಿತ್ ಬಾಯಿ ತೆರೆದ. ಮುಚ್ಚಿದ. ಅವನಿಗೆ ಬದುಕಬೇಕೆನಿಸಿತು.

“ನಾನು.”

ಕುಶಲಾ ಮೆಟ್ಟಿಲಿಳಿದು ಬಂದಿದ್ದರು. “ತಪ್ಪು ನನ್ನದು. ನಾನೇ ಬಡಿಸಿದ್ದು. ಹುಡುಗಿಯನ್ನು ಬಿಡಿ.”

ಮೈಯ ಮಣ್ಣು ಕಳಚಿ ಚೈತಾಲಿ ದೊಪ್ಪನೆ ಬಿದ್ದಳು. ಕುಶಲಾರ ಪಾದ ಗಟ್ಟಿಯಾಯಿತು. ಸೀರೆಯ ನೆರಿಗೆ ಮಣ್ಣಾಯಿತು. ಕೈಗಳು ಮೈಗಂಟಿದವು. ಗಂಟಲು ಬಿಗಿಯುವ ಮೊದಲು ಅವರು ಮಗನ ಕಡೆ ತಿರುಗಿದರು.

“ಒಳಗೆ ಹೋಗು ಮಗಾ. ನೆನೀಬೇಡ.”

ಕೆಸರು ಬಾಯ್ದೆರೆಯಿತು, ಮುಚ್ಚಿತು. ಅಂಗಳದಲ್ಲಿ ಮಳೆನೀರಿನ ಹೊರತು ಏನೂ ಉಳಿಯಲಿಲ್ಲ.

ಚೈತಾಲಿ ತೆವಳಿಕೊಂಡು ಬಂದು ಅವನ ಅಂಗಿ ಹಿಡಿದಳು.

“ಅಣ್ಣ, ಅಮ್ಮ ಎಂತ ತಪ್ಪು ಮಾಡಿದ್ದು?”

ಶೋಭಿತ್ ತಂಗಿಯ ಮುಖ ನೋಡಲಿಲ್ಲ.

“ಗೊತ್ತಿಲ್ಲ,” ಎಂದ.