ಸಿಗದ ಗಾಡಿ

ಗಾಡಿ ಸಿಗಲಿಲ್ಲ, ಅದಕ್ಕೇ ಕೇಸು ಮುಚ್ಚಿದ್ದೇವೆ ಎಂದು ಪೊಲೀಸರು ಹೇಳಿದ ದಿನ ಪ್ರಮಿಳಾ ಅಳಲಿಲ್ಲ. ಸಾಂಬ್ರಾ ರಸ್ತೆಯಲ್ಲಿ ಅವಳ ಒಬ್ಬನೇ ಮಗ ಸೋಮಲಿಂಗನಿಗೆ ಗುದ್ದಿ ಕೊಂದು, ತಿರುಗಿಯೂ ನೋಡದೆ ಹೋದ ಕಾರು ಬೆಳಗಾವಿಯಂಥ ಊರಿನಲ್ಲಿ ಕಣ್ಮರೆಯಾಯಿತಂತೆ. ಅಕ್ಕಪಕ್ಕದ ಅಂಗಡಿಗಳ ಕ್ಯಾಮೆರಾ ನೋಡಲು ಪೊಲೀಸರು ಹೋಗುವಷ್ಟರಲ್ಲಿ ತಿಂಗಳು ಕಳೆದು, ಚಿತ್ರವೆಲ್ಲ ತಾನಾಗಿ ಅಳಿಸಿಹೋಗಿತ್ತಂತೆ. ಆಗಲಿ, ಅಂದುಕೊಂಡಳು. ಕುರಿ ಕಾಯುವ ಹಾಲುಮತದ ಮನೆಯಲ್ಲಿ ಹುಟ್ಟಿದವಳು. ಕಾಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗುಂಜಿಯ ರಸ್ತೆಬದಿಯಲ್ಲಿ ಅವಳದೊಂದು ಖಾನಾವಳಿ. ಗೋವಾಕ್ಕೆ ಹೋಗುವವರು ಅಲ್ಲಿ ರೊಟ್ಟಿ ಉಂಡು ಮುಂದೆ ಹೋಗುತ್ತಿದ್ದರು. ಬೆಳಗಾವಿಯ ಅನಗೋಳದ ಅನಿಕೇತನೆಂಬ ಹುಡುಗನೂ ವಾರವಾರ ಬರುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಗೆಳೆಯನ ಕಿವಿಯಲ್ಲಿ ಮರಾಠಿಯಲ್ಲಿ ಹೇಳಿದ: ಸಾಂಬ್ರಾದ ಹತ್ತಿರ ಹುಡುಗನೊಬ್ಬ ಅಡ್ಡ ಬಂದ, ಮರುದಿನವೇ ಕೊಲ್ಲಾಪುರಕ್ಕೆ ಹೋಗಿ ಗಾಡಿಯ ಮೂತಿ ಬದಲಾಯಿಸಿದೆ, ‘ತ್ಯಾ ಪೋರಾಚಂ ನಶೀಬ’. ಆ ಹುಡುಗನ ಹಣೆಬರಹವಂತೆ. ಕನ್ನಡ ಮಾತಾಡುತ್ತ ರೊಟ್ಟಿ ಬಡಿಯುವ ಹೆಂಗಸಿಗೆ ಮರಾಠಿ ತಿಳಿಯುವುದಿಲ್ಲ ಎಂದುಕೊಂಡಿದ್ದ ಪುಣ್ಯಾತ್ಮ. ಖಾನಾಪುರದಲ್ಲಿ ಹುಟ್ಟಿದವಳಿಗೆ ಮರಾಠಿ ಬಾರದೆ ಇರುತ್ತದೆಯೇ? ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. 

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಗಾಡಿ ಸಿಗದಿದ್ದರೆ ಕೇಸಿಲ್ಲ, ತಿಂಗಳು ಕಳೆದರೆ ಸಾಕ್ಷಿಯಿಲ್ಲ. ಈ ಪಾಠವನ್ನು ಪೊಲೀಸರೇ ಕಲಿಸಿದ್ದರು. ಅವಳು ಒಳ್ಳೆಯ ವಿದ್ಯಾರ್ಥಿನಿಯಾದಳು. ಹಾಳುಬಿದ್ದ ಕಲ್ಲಿನ ಖಣಿಯೊಂದು ಕಾಡಿನಂಚಿನಲ್ಲಿತ್ತು. ಅದರ ನೀರಿನ ಆಳವನ್ನು ಕಂಡವರಿರಲಿಲ್ಲ. ಟೆಂಪೊ ಓಡಿಸುವುದನ್ನು ತೀರಿಹೋದ ಗಂಡ ಕಲಿಸಿದ್ದ. ಮಗ ಹೋದ ಮೇಲೆ ನಿದ್ದೆ ಬರಲೆಂದು ಡಾಕ್ಟರು ಕೊಟ್ಟ ಗುಳಿಗೆಗಳನ್ನು ಅವಳು ನುಂಗದೆ ಇಟ್ಟಿದ್ದಳು. ಖಣಿಗೆ ಹೋಗುವ ದಾರಿಯಲ್ಲಿದ್ದ ಪೆಟ್ರೋಲ್ ಪಂಪಿನ ಕ್ಯಾಮೆರಾ ಒಂದೇ ತೊಡಕು. ಆದರೆ ಅನಿಕೇತನ ಮನೆಯವರು ತಿಂಗಳು ಸುಮ್ಮನೆ ಕೂತರೆ ಅದೂ ಕುರುಡಾಗುತ್ತದೆ. ಮದುವೆಯ ಮಾತಿಗೆ ಮನೆಯಲ್ಲಿ ದಿನಾ ಜಗಳ ಎಂದು ಅವನೇ ಗೊಣಗುತ್ತಿದ್ದ. ಮಗ ಸಿಟ್ಟಿನಿಂದ ಗೋವಾಕ್ಕೆ ಹೋದನೆಂದರೆ ಮರ್ಯಾದಸ್ಥರು ಬೀದಿಗೆ ಬರುವುದಿಲ್ಲ, ಬಾಯಿ ಮುಚ್ಚಿಕೊಂಡು ದಾರಿ ಕಾಯುತ್ತಾರೆ.

ಆಷಾಢದ ಮಳೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ ಅವನು ಒಬ್ಬನೇ ಬಂದ. ಬೇರೆ ಗಿರಾಕಿಗಳಿರಲಿಲ್ಲ. ಮಜ್ಜಿಗೆ ಚೆನ್ನಾಗಿದೆ ಎಂದು ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಮುಂದಿನದೆಲ್ಲ ಅವಳು ಮನಸ್ಸಿನಲ್ಲಿ ನೂರು ಸಲ ಮಾಡಿ ಮುಗಿಸಿದ್ದೇ. ಖಣಿಯ ದಂಡೆಯಲ್ಲಿ ಅವನ ಗಾಡಿ ನಿಲ್ಲಿಸಿ, ನಿದ್ದೆಯಲ್ಲಿದ್ದವನ ಹೆಬ್ಬೆರಳು ಒತ್ತಿ ಅವನ ಮೊಬೈಲ್ ತೆರೆದಳು. ‘ಅವ್ವ’ ಎಂಬ ಹೆಸರು ಹುಡುಕಿ ಬರೆದಳು: ‘ಅವ್ವಾ, ಗೋವಾದಾಗ ಅದೀನಿ. ಮದುವಿ ಮಾತ ಮರತಮ್ಯಾಲೆ ಬರ್ತೀನಿ. ಹುಡುಕಬ್ಯಾಡ್ರಿ. ನಿನ್ನ ಮಗ.’ ಕೊನೆಯ ಎರಡು ಶಬ್ದ ಬರೆಯುವಾಗ ಮಾತ್ರ ಅವಳ ಕಣ್ಣು ಮಂಜಾದವು. ತನಗೆ ಅಂಥದೊಂದು ಸುಳ್ಳನ್ನಾದರೂ ಯಾರೂ ಕಳಿಸಲಿಲ್ಲವಲ್ಲ ಎನಿಸಿತು. ಆಮೇಲೆ ಅವನ ಸಮೇತ ಗಾಡಿಯನ್ನು ನೂಕಿದಳು. ನೀರು ಬಾಯಿ ತೆರೆದು ಮುಚ್ಚಿತು. ಗುಂಜಿ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ರೈಲಿನ ಡಬ್ಬಿಯೊಳಗೆ ಮೊಬೈಲ್ ಎಸೆದು, ಸಂಜೆಯ ಗಿರಾಕಿಗಳಿಗೆ ಹಿಟ್ಟು ನಾದಲು ಹೊತ್ತಿಗೆ ಸರಿಯಾಗಿ ಬಂದಳು.

ಶ್ರಾವಣ ಕಳೆಯಿತು, ಗಣಪತಿ ಹಬ್ಬ ಕಳೆಯಿತು. ಹುಡುಗನೂ ಇಲ್ಲ, ಗಾಡಿಯೂ ಇಲ್ಲ ಎಂದು ಜನ ಆಡಿಕೊಂಡರು. ಅವಳು ಹೊಟ್ಟೆ ತುಂಬ ಉಂಡಳು, ಗುಳಿಗೆಯಿಲ್ಲದೆ ಮಲಗಿದಳು. ಪಾಪ ಎನಿಸಲಿಲ್ಲ. ಎನಿಸೀತೆಂದು ಕಾದಳು ಕೂಡ, ಎನಿಸಲಿಲ್ಲ.

ದಸರೆಯ ಮುಂದೆ ಪಿಎಸ್‌ಐ ಉಳವಪ್ಪ ಖಾನಾವಳಿಗೆ ಬಂದ. ಜೊತೆಗೆ ಹಣೆಗೆ ವಿಭೂತಿ ಹಚ್ಚಿದ, ಬಾಡಿದ ಮುಖದ ಹೆಂಗಸು. ಅನಿಕೇತನ ತಾಯಿ ಕಾಂತಾ.

“ಕುಂದರ್ರಿ. ಊಟ ಹಾಕ್ಲೇನ್ರಿ?” ಎಂದಳು ಪ್ರಮಿಳಾ.

“ಊಟಕ್ಕ ಬಂದಿಲ್ಲಬೇ. ಇವರ ಮಗನ ಗಾಡಿ ಹುಡುಕಾಕ ಬಂದೀವಿ.”

“ಗಾಡಿ ಸಿಗಲಿಲ್ಲಂದ್ರ ಕೇಸ್ ಮುಚ್ಚತೈತಲ್ರಿ ಸಾಹೇಬ್ರ. ನನ್ನ ಮಗ ಸತ್ತಾಗ ನಿಮ್ಮ ಮಂದಿನ ಹೇಳಿದ್ರು.”

ಉಳವಪ್ಪ ಬೆಂಚಿನ ಮೇಲೆ ಕೂತ. “ಪಂಪಿನ ಕ್ಯಾಮೆರಾದಾಗ ಗಾಡಿ ಐತಿ. ಓಡಸಾಕಿ ಹೆಣಮಗಳು. ಗಾಡಿ ಹೋದ ಮರುದಿನಾನ ಆ ಚಿತ್ರ ತಗೊಂಡಿದ್ವಿ. ಆಕಿ ಯಾರಂತ ತಿಳಿಯಾಕ ಇಷ್ಟ ದಿನ ಬೇಕಾತು.”

ಮರುದಿನವೇ? ಪ್ರಮಿಳಾಳ ಲೆಕ್ಕದಲ್ಲಿ ಆ ಮರುದಿನ ಇರಲೇ ಇಲ್ಲ. ಗೋವಾದಲ್ಲಿದ್ದೇನೆ ಎಂದು ಮಗನೇ ಬರೆದ ಮೇಲೆ ಯಾವ ತಾಯಿ ಮರುದಿನವೇ ಠಾಣೆಯ ಮೆಟ್ಟಿಲು ಹತ್ತುತ್ತಾಳೆ? ಅವಳು ಕಾಂತಾಳ ಮುಖ ನೋಡಿದಳು.

“ನಮ್ಮದು ತುಂಬಿದ ಮನಿ,” ಎಂದಳು ಕಾಂತಾ, ಮೆಲ್ಲಗೆ. “ಮೈದುನರು ಕರದದ್ದು ಕೇಳಿ ಕೇಳಿ ಅನಿಕೇತನೂ ಸಣ್ಣಾಂವಿದ್ದಾಗಿಂದ ನನಗ ಅತ್ತಿಗಿ ಅನ್ನೂಹಂಗ ವೈನಿ ಅಂತಾನ. ಒಂದ ದಿನಾನೂ ಅವ್ವ ಅಂದಿಲ್ಲ. ನಮ್ಮ ಮನ್ಯಾಗ ಅವ್ವ ಅಂದ್ರ ನಮ್ಮ ಅತ್ತಿ, ಅವನ ಅಜ್ಜಿ. ಆಕಿಗೆ ಓದಾಕ ಬರೂದಿಲ್ಲ. ಏನ ಬಂದೈತಿ ನೋಡಂತ ಫೋನ್ ನನ್ನ ಕೈಯಾಗ ಕೊಟ್ಲು. ಹೆತ್ತಾಕಿಗೆ ವೈನಿ ಅನ್ನು ಹುಡುಗ, ಅಜ್ಜಿಗೆ ‘ನಿನ್ನ ಮಗ’ ಅಂತ ಯಾಕ ಬರದಾನು? ಅವತ್ತ ನಿಂತ ಕಾಲಮ್ಯಾಲೆ ಠಾಣೆಗೆ ಹೋದೆ.” ಪ್ರಮಿಳಾ ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು, ತಲೆ ತಗ್ಗಿಸಲಿಲ್ಲ. “ನನ್ನ ಮಗ ನನಗ ಅವ್ವ ಅಂತಿದ್ನರಿ,” ಎಂದಳು.