ಜೂನ್ ಹದಿನೈದರವರೆಗೆ ಮೌನ

"ಎಸ್ಕಿಲ್!"

ಕೂಗಿದ ಮೇಲೆ ಸೆನ್ಯಾಗೇ ನಾಚಿಕೆಯಾಯಿತು. ಅಷ್ಟು ಜೋರಾಗಿ ಕೂಗಬಾರದಿತ್ತೇನೋ...

ಮಂಜುಗಡ್ಡೆಯ ಅಂಗಳದ ಗಾಜಿಗೆ ಒರಗಿ ಆಟ ನೋಡುತ್ತಿದ್ದವನು ಥಟ್ಟನೆ ತಿರುಗಿದ. ಅವನೇ! ಸೆಪ್ಟೆಂಬರಿನಲ್ಲಿ ಗೆಳತಿಯ ಮದುವೆಯಲ್ಲಿ ಅವಳೊಂದಿಗೆ ಕುಣಿದವನು. ಸರೋವರದ ದಂಡೆಯುದ್ದಕ್ಕೂ ಅವಳ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದವನು. "ಹಿಮ ಬೀಳೋಕೆ ಮುಂಚೆ ಫೋನ್ ಮಾಡ್ತೀನಿ" ಎಂದವನು.

ಹಿಮ ಬಿತ್ತು. ಸರೋವರ ಹೆಪ್ಪುಗಟ್ಟಿತು. ಫೋನ್ ಬರಲಿಲ್ಲ.

ಈಗ ಜನವರಿ. ಅವನ ಅಂಗಿಯ ಎದೆಯ ಮೇಲೆ ದಕ್ಷಿಣದ ವಿಶ್ವವಿದ್ಯಾಲಯದ ಲಾಂಛನ.

ಅವಳನ್ನು ಕಂಡೊಡನೆ ಅವನ ಕಣ್ಣಲ್ಲಿ ಏನೋ ಬೆಳಗಿತು. ಮರುಗಳಿಗೆ ಆರಿಹೋಯಿತು. ಮುಖ ಬಿಳಿಚಿತು.

"ಹಲೋ," ಎಂದ. ಅಷ್ಟೇ.

ಬೆನ್ನು ತಿರುಗಿಸಿ, ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿಕೊಂಡು ಹೊರಟೇಹೋದ!

ಕೈಯಲ್ಲಿದ್ದ ಕಾಫಿ ತುಳುಕಿ ಬೆರಳು ಸುಟ್ಟಿತು. ಸೆನ್ಯಾಗೆ ಅದರ ಅರಿವಿರಲಿಲ್ಲ. ಪಕ್ಕದ ಬೆಂಚಿನವರು ಅವಳ ಕಡೆ ನೋಡದಂತೆ ನಟಿಸುತ್ತಿದ್ದರು. ನಮ್ಮೂರು ಪೈನ್ ಪೋರ್ಟೇಜಿನ ಜನ ಮರ್ಯಾದಸ್ಥರು, ನೋಡುವುದನ್ನೆಲ್ಲ ನೋಡಿಯೇ ನೋಡದ ಹಾಗೆ ಇರುತ್ತಾರೆ.

ಅಂಗಳದಲ್ಲಿ ಅವಳ ತಂಗಿ ಟೈಮಿ ಎದುರಾಳಿಯಿಂದ ಐಸ್ ಹಾಕಿಯ ಬಿಲ್ಲೆ ಕಸಿದು ಗಾಳಿಯಂತೆ ಮುನ್ನುಗ್ಗಿದಳು. ಜನ ಎದ್ದು ಕೂಗಿದರು.

ಆಗ ಸೆನ್ಯಾಳ ಎದೆಗೆ ಚುಚ್ಚಿದಂತಾಯಿತು.

'ಓಹೋ... ಇವನು ಬಂದಿರೋದು ಟೈಮಿಗಾಗಿ! ವಿಶ್ವವಿದ್ಯಾಲಯಕ್ಕೆ ಆಟಗಾರ್ತಿಯರನ್ನ ಹುಡುಕೋ ಕೋಚ್ ಇವನು! ಹಾಗಾದ್ರೆ ಆ ಕುಣಿತ? ಆ ದಂಡೆಯ ನಡಿಗೆ? ಎಲ್ಲ ತಂಗಿಯನ್ನ ಹಿಡಿಯೋಕೆ ಅಕ್ಕನಿಗೆ ಹಾಕಿದ ಗಾಳವಾ?'

* * *

ಅವರದು ಪುಟ್ಟ ಸಂಸಾರ. ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ತಂದೆ ಅದಿರು ಹಡಗಿನ ಅಡುಗೆಯವನು, ಸರೋವರದ ಮಂಜು ಕರಗಿದರೆ ಮನೆ ಬಿಟ್ಟ, ನೀರು ಗಟ್ಟಿಯಾದರೆ ಮನೆ ಸೇರಿದ. ಶಾಲಾ ಬಸ್ಸು ಓಡಿಸುವ ಸೆನ್ಯಾಳೇ ತಂಗಿಗೆ ತಾಯಿ.

ಆ ಸಂಜೆ ಏಲಕ್ಕಿ ಬ್ರೆಡ್ಡು ಕೊಯ್ಯುತ್ತ ಸೆನ್ಯಾ ಹೇಳಿಯೇಬಿಟ್ಟಳು.

"ದಕ್ಷಿಣದ ಆ ವಿಶ್ವವಿದ್ಯಾಲಯ ಬೇಡ ಟೈಮಿ."

"ಏನು?!" ಟೈಮಿಯ ಬಾಯಲ್ಲಿದ್ದ ತುಂಡು ಹಾಗೇ ನಿಂತಿತು. "ಅದೊಂದೇ ನಂಗೆ ಬೇಕಾಗಿರೋದು! ಅಲ್ಲಿ ಮುಖ್ಯ ಕೋಚ್ ಡೆಲಾನಿ ಇದಾರೆ. ಮನೆಗೂ ಹತ್ರ. ಆಟದ ವಿದ್ಯಾರ್ಥಿವೇತನ ಸಿಕ್ಕಿದ್ರೆ ಅಪ್ಪ ಹಡಗು ಬಿಡಬಹುದು. ಏನಾಯ್ತು ನಿಂಗೆ?"

"ಅಲ್ಲಿಯ ಜನ ನಂಬಿಕೆಗೆ ಯೋಗ್ಯರಲ್ಲ."

"ಯಾರು ಹೇಳಿದ್ದು? ಅವರು ಒಂದು ಮಾತೂ ಆಡಿಲ್ಲ ನನ್ನ ಹತ್ರ. ಆಡೋ ಹಾಗೂ ಇಲ್ಲ. ನಿಯಮ ಇದೆ, ನನ್ನ ಹತ್ತನೇ ಕ್ಲಾಸು ಮುಗಿದು ಜೂನ್ ಹದಿನೈದು ಆಗೋವರೆಗೂ ಯಾವ ಕೋಚೂ ಬಾಯಿ ಬಿಡಂಗಿಲ್ಲ, ಗೊತ್ತಲ್ವಾ?"

"ಗೊತ್ತು. ಆದ್ರೂ ಬೇಡ."

"ಸೆನ್ಯಾ, ನಿನ್ನ ಮುಖ ಸುಟ್ಟ ರೊಟ್ಟಿ ಥರ ಇದೆ. ಯಾರ ಮೇಲಿನ ಕೋಪ ಇದು, ನಿಜ ಹೇಳು?"

ಸೆನ್ಯಾ ಚಾಕು ತೊಳೆಯಲು ಎದ್ದುಹೋದಳು. ಬ್ರೆಡ್ಡು ಇನ್ನೂ ಅರ್ಧ ಕೊಯ್ಯುವುದಿತ್ತು.

ಅಂದಿನಿಂದ ಅವಳಿಗೆ ನೆಮ್ಮದಿಯಿಲ್ಲ. ಬಸ್ಸು ನಿಂತಾಗಲೂ ಬೆರಳುಗಳು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದವು. ಚರ್ಚಿನಲ್ಲಿ ತಲೆ ತಗ್ಗಿಸಿದರೆ ಪ್ರಾರ್ಥನೆಯ ಬದಲು ಅವನ ಬೆನ್ನು ಕಾಣುತ್ತಿತ್ತು, ಮೆಟ್ಟಿಲು ಹತ್ತಿ ಹೋಗುವ ಬೆನ್ನು. 'ದೇವರೇ, ಅವನನ್ನ ಮರೆಸು' ಎಂದು ಬೇಡಿಕೊಳ್ಳುವಳು. 'ಬೇಡ... ಇನ್ನೊಂದು ಸಲ ತೋರಿಸು' ಎಂದು ಅದೇ ಉಸಿರಿನಲ್ಲಿ ಬೇಡಿಕೊಳ್ಳುವಳು. ಎರಡನ್ನೂ ಕೇಳಿಸಿಕೊಂಡ ದೇವರು ಸುಮ್ಮನಿದ್ದ. ಅವನ ಕೆಲಸ ಅವನಿಗೆ ಗೊತ್ತು.

ಎಸ್ಕಿಲ್ ಮತ್ತೆ ಬಂದ, ಫೆಬ್ರವರಿಯಲ್ಲಿ, ಮಾರ್ಚಿನಲ್ಲಿ. ಪ್ರತಿಸಲ ಅಂಗಳದ ಆ ತುದಿಯಲ್ಲಿ ನಿಲ್ಲುತ್ತಿದ್ದ. ಅವಳು ಇತ್ತ ಬಂದರೆ ಅವನು ಅತ್ತ.

* * *

ಜೂನ್ ಹದಿನೈದು.

ನಮ್ಮ ಕಡೆ ಹಾಕಿ ಆಡುವ ಮಕ್ಕಳಿರುವ ಮನೆಗಳಲ್ಲಿ ಆ ದಿನ ಯಾರಿಗೂ ಊಟ ಸೇರುವುದಿಲ್ಲ. ನಡುರಾತ್ರಿ ತಾರೀಖು ತಿರುಗಿದ ಕೂಡಲೇ ಫೋನುಗಳು ಹೊಡೆದುಕೊಳ್ಳತೊಡಗುತ್ತವೆ. ಟೈಮಿಗೂ ಪೂರ್ವದ ಎರಡು ವಿಶ್ವವಿದ್ಯಾಲಯಗಳಿಂದ ಕರೆ ಬಂತು. ಅವಳಿಗೆ ಬೇಕಾದ ಕರೆ ಮಾತ್ರ ಬರಲಿಲ್ಲ.

ಬೆಳಗಾಯಿತು. ಟೈಮಿ ಮನೆ ಮುಂದಿನ ಮೆಟ್ಟಿಲ ಮೇಲೆ ಮಂಡಿಯಲ್ಲಿ ಮುಖ ಹುದುಗಿಸಿ ಕೂತಿದ್ದಳು. ಸೆನ್ಯಾಗೆ ಹಾಯೆನಿಸಬೇಕಿತ್ತು. ಬದಲಿಗೆ ಹೋಗಿ ತಂಗಿಯ ಪಕ್ಕ ಕೂತಳು.

ಫೋನ್ ಬಡಿದುಕೊಂಡಿತು!

"ಟೈಮಿ ಕಂಗಾಸ್? ನಾನು ಡೆಲಾನಿ. ನಿದ್ದೆಗೆಟ್ಟ ಹುಡುಗಿ ಹತ್ರ ಬದುಕಿನ ಮಾತು ಆಡಬಾರದು ಅಂತ ಬೆಳಕಾಗೋವರೆಗೂ ಕಾದೆ. ತಿಂಡಿ ಆಯ್ತಾ?"

"ಇ... ಇಲ್ಲ! ಆಯ್ತು! ಇಲ್ಲ!"

ಆ ಕಡೆಯಿಂದ ಮುದುಕಿ ಡೆಲಾನಿ ಗಟ್ಟಿಯಾಗಿ ನಕ್ಕಳು. ಟೈಮಿ ಸ್ಪೀಕರ್ ಒತ್ತಿದಳು.

"ನೀನು ನಂಗೆ ಬೇಕು. ಪೂರ್ತಿ ವಿದ್ಯಾರ್ಥಿವೇತನ ಕೊಡ್ತೀನಿ. ಆದ್ರೆ ಕೇಳಿಸ್ಕೋ, ಇದು ಬಾಯಿಮಾತು. ನೀನು ಹೂಂ ಅಂದ್ರೆ ಅದೂ ಬಾಯಿಮಾತೇ. ಹನ್ನೆರಡನೇ ಕ್ಲಾಸಿನ ನವೆಂಬರಲ್ಲಿ ರುಜು ಬೀಳೋವರೆಗೂ ನೀನೂ ಬಿಡಬಹುದು, ನಾನೂ ಬಿಡಬಹುದು. ನಾನಂತೂ ಬಿಟ್ಟವಳಲ್ಲ. ಆಗಸ್ಟ್ ಒಂದಕ್ಕೆ ಇಲ್ಲಿಗೆ ಬಂದು ನೋಡು, ಆಮೇಲೆ ಹೇಳು."

"ಬರ್ತೀನಿ ಕೋಚ್! ಖಂಡಿತ ಬರ್ತೀನಿ!"

"ಇನ್ನೊಂದು ವಿಷಯ. ನಿಮ್ಮಕ್ಕ ಅಲ್ಲೇ ಇದಾಳಾ?"

ಸೆನ್ಯಾ ಫೋನಿನ ಕಡೆ ಬಾಗಿದಳು.

"ನನ್ನ ಸಹಾಯಕ ಎಸ್ಕಿಲ್ ಅಕ್ಟೋಬರಲ್ಲಿ ಕೆಲಸಕ್ಕೆ ಸೇರಿದ ದಿನವೇ ನಿನ್ನ ಆಟ ನೋಡ್ಕೊಂಡು ಬಾ ಅಂದೆ. ಹೆಸರು ಕೇಳಿ ಮುಖ ಸಣ್ಣ ಮಾಡ್ಕೊಂಡ. 'ಇವಳ ಅಕ್ಕನಿಗೆ ಫೋನ್ ಮಾಡ್ತೀನಿ ಅಂತ ಮಾತು ಕೊಟ್ಟಿದೀನಿ' ಅಂದ. ನಾನೇ ಬೇಡ ಅಂದೆ. ಹುಡುಗಿ ಜೊತೆ ಮಾತ್ರ ಅಲ್ಲ, ಮನೆಯವರ ಜೊತೆ ಮಾತಾಡಿದ್ರೂ ನಿಯಮ ಮುರಿದ ಹಾಗೆ. ಎದುರಾದ್ರೆ ಒಂದು ಹಲೋ ಹೇಳಿ ನಡೀತಾ ಇರಬೇಕು. ಒಂದು ಮಾತು ಹೆಚ್ಚಾದ್ರೂ ನಿನ್ನ ಜಾಗಕ್ಕೇ ಸಂಚಕಾರ. ನಿನ್ನನ್ನ ಆರಿಸೋ ವಿಷಯದಲ್ಲಿ ತಾನು ಕೈ ಹಾಕಲ್ಲ ಅಂತ ಅವನೇ ದೂರ ನಿಂತ. ನೋಡಿ ಬಂದು 'ಚೆನ್ನಾಗಿ ಆಡ್ತಾಳೆ' ಅನ್ನೋದು, ಅಷ್ಟೇ. ಇಡೀ ಚಳಿಗಾಲ ಬಾಗಿಲ ಹೊರಗೆ ಬಿಟ್ಟ ನಾಯಿ ಥರ ಓಡಾಡ್ದ ಪಾಪ. ಹೇಳೋದು ನನ್ನ ಧರ್ಮ, ಹೇಳ್ದೆ. ತಿಂಡಿ ತಿನ್ನು."

ಕರೆ ಮುಗಿಯಿತು.

ಟೈಮಿ ನಿಧಾನವಾಗಿ ತಲೆ ಎತ್ತಿದಳು. "ನಂಬಿಕೆಗೆ ಯೋಗ್ಯರಲ್ಲ... ಅಂದ್ಯಲ್ಲೇ?"

ಸೆನ್ಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

'ಅವನ ಮೌನ ನನ್ನ ತಂಗಿಯನ್ನ ಕಾಯ್ತಾ ಇತ್ತು... ನಾನು ಏನೆಲ್ಲ ಅಂದ್ಕೊಂಡೆ!'

ಅವಳ ಫೋನಿಗೂ ಆಗಲೇ ಎಸ್ಕಿಲ್‌ನಿಂದ ಒಂದು ಸಂದೇಶ ಬಂದಿತ್ತು. "ಈಗ ಮಾತಾಡಬಹುದು, ಸೆನ್ಯಾ. ನಿನಗೆ ಇಷ್ಟವಿದ್ದರೆ."

ಅವಳು ಉತ್ತರ ಬರೆದಳು. ಅಳಿಸಿದಳು. ಮತ್ತೆ ಬರೆದಳು...

"ಕಳಿಸೇ ಮಾರಾಯ್ತಿ!"

"ಹೇಗೆ ಕಳಿಸ್ಲಿ? ಬಾಯಿಮಾತು ಅಂದ್ರಲ್ಲ ಅವರು! ನಾಳೆ ನಾನೂ ಅವನೂ ಜಗಳ ಆಡಿದ್ರೆ? ಅವರು ನಿನ್ನ ಕೈಬಿಟ್ರೆ? ಅಕ್ಕನ ಕಡೆಯಿಂದ ಜಾಗ ಸಿಕ್ತು ಅಂತ ಊರು ಆಡ್ಕೊಂಡ್ರೆ? ನಿನ್ನ ರುಜು ಆಗ್ಲಿ. ಅಲ್ಲೀವರೆಗೂ..."

"ಮುಂದಿನ ವರ್ಷದ ನವೆಂಬರ್ ತನಕ?" ಟೈಮಿ ಕಣ್ಣು ಕೆಂಪಗಾಯಿತು. "ನಿನ್ನ ಹೆದರಿಕೆಗೆ ನನ್ನ ಹೆಸರು ಇಡಬೇಡ ಸೆನ್ಯಾ. ನನ್ನ ಆಟ ಅಷ್ಟೊಂದು ಬಡಕಲಾ?"

ಸೆನ್ಯಾ ಬರೆದದ್ದನ್ನು ಅಳಿಸಿ ಫೋನು ಜೇಬಿಗಿಟ್ಟಳು. ಉತ್ತರ ಕಳಿಸಲಿಲ್ಲ.

* * *

ಆಗಸ್ಟ್ ಒಂದರಿಂದ ಮುಖಾಮುಖಿ ಭೇಟಿಗೂ ಅಡ್ಡಿಯಿಲ್ಲ. ಸೆನ್ಯಾ ತಂಗಿಯನ್ನು ಕಾರಿನಲ್ಲಿ ವಿಶ್ವವಿದ್ಯಾಲಯಕ್ಕೆ ಕರೆತಂದಳು. ಟೈಮಿ ಡೆಲಾನಿಯ ಹಿಂದೆ ಕ್ರೀಡಾಂಗಣದೊಳಗೆ ಓಡಿದಳು.

ಹೊರಗೆ ಮೇಪಲ್ ಮರದ ಕೆಳಗೆ ಎಸ್ಕಿಲ್ ನಿಂತಿದ್ದ. ತೆಳ್ಳಗಾಗಿದ್ದ. ಈ ಸಲ ಅವನು ಬೆನ್ನು ತಿರುಗಿಸಲಿಲ್ಲ. ಹತ್ತಿರವೂ ಬರಲಿಲ್ಲ.

ಸೆನ್ಯಾಳೇ ನಡೆದು ಬಂದಳು.

"ನಿನ್ನ ಬಗ್ಗೆ ತುಂಬಾ ಕೆಟ್ಟದಾಗಿ ಅಂದ್ಕೊಂಡೆ."

"ಎಷ್ಟು ಕೆಟ್ಟದಾಗಿ?"

"ಟೈಮಿನ ಹಿಡಿಯೋಕೆ ನೀನು ನನ್ನನ್ನ ಗಾಳದ ಹುಳ ಮಾಡ್ಕೊಂಡೆ ಅಂತ."

ಅವನು ಕಣ್ಣು ಮುಚ್ಚಿ ತೆರೆದ. "ಆ ದಿನ ನೀನು ಕೂಗಿದಾಗ... ಕಾರಲ್ಲಿ ಕೂತು ಅತ್ತೆ ಸೆನ್ಯಾ. ಒಂದು ಮಾತು ಹೇಳಿ ಕಳಿಸೋಣ ಅಂದ್ರೆ ಅದೂ ಮಾತೇ ಆಗ್ತಿತ್ತು."

"ನಿನ್ನ ಸಂದೇಶಕ್ಕೂ ಉತ್ತರ ಕೊಡ್ಲಿಲ್ಲ ನಾನು."

"ಟೈಮಿಗೋಸ್ಕರ. ಅಂದಾಜು ಮಾಡ್ಕೊಂಡೆ." ಅವನ ದನಿ ತಗ್ಗಿತು. "ನೀನು ನಾಳೆ ನನ್ನನ್ನ ಸರೋವರಕ್ಕೆ ನೂಕಿದ್ರೂ ಅವಳ ಜಾಗಕ್ಕೆ ಏನೂ ಆಗಲ್ಲ. ಆ ತೀರ್ಮಾನ ಡೆಲಾನಿದು, ಅದು ನನ್ನ ಕೈಲಿಲ್ಲ. ಆದ್ರೂ ನಿಂಗೆ ಅಳುಕು ಇದ್ರೆ, ಅವಳ ರುಜು ಆಗೋವರೆಗೂ ಕಾಯ್ತೀನಿ. ಕಾಯೋದು ಈಗ ಅಭ್ಯಾಸ ಆಗಿದೆ."

ಅಷ್ಟರಲ್ಲಿ ಕ್ರೀಡಾಂಗಣದ ಬಾಗಿಲು ದಡಾರನೆ ತೆರೆಯಿತು.

"ಹೂಂ ಅಂದೆ!" ಟೈಮಿ ಎರಡೂ ಕೈ ಮೇಲೆತ್ತಿ ಕಿರುಚಿದಳು. "ಸೆನ್ಯಾ, ಮಾತು ಕೊಟ್ಟೇಬಿಟ್ಟೆ! ರುಜು ಇಲ್ಲ, ಕಾಗದ ಇಲ್ಲ, ಆದ್ರೂ ಎಷ್ಟು ಚೆನ್ನಾಗಿದೆ ಗೊತ್ತಾ!"

ಕಿರುಚಿ ಮತ್ತೆ ಒಳಗೆ ಓಡಿದಳು.

ಸೆನ್ಯಾ ಆ ಬಾಗಿಲನ್ನೇ ನೋಡುತ್ತ ನಿಂತಳು. ತನಗಿಂತ ಹತ್ತು ವರ್ಷ ಚಿಕ್ಕವಳು, ಯಾವ ಆಧಾರವೂ ಇಲ್ಲದ ಒಂದು ಮಾತಿನ ಮೇಲೆ ತನ್ನ ಬದುಕನ್ನು ಇಟ್ಟು ನಗುತ್ತ ಓಡಿದ್ದಳು. ತಿಂಗಳುಗಟ್ಟಲೆ ಎದೆಯಲ್ಲಿ ಬಡಿದಾಡುತ್ತಿದ್ದ ಹಕ್ಕಿ ಯಾಕೋ ರೆಕ್ಕೆ ಮಡಿಚಿ ಕೂತಿತು.

"ನಾನು ಕಾಯಲ್ಲ, ಎಸ್ಕಿಲ್."

ಅವನ ಮುಖ ಬಾಡಿತು. "ಅಂದ್ರೆ...?"

"ಅಂದ್ರೆ ಇವತ್ತಿಂದ್ಲೇ ಅಂತ, ಪೆದ್ದ!"

ಅವನು ನಂಬಲಾರದೆ ನೋಡಿದ. ಆಮೇಲೆ ಅವಳ ಕೈಯನ್ನು ತನ್ನೆರಡೂ ಕೈಯೊಳಗೆ ತೆಗೆದುಕೊಂಡ, ಒಡೆದುಹೋದೀತು ಎಂಬಷ್ಟು ಮೆಲ್ಲಗೆ.

"ಇದೂ ಬಾಯಿಮಾತೇ," ಸೆನ್ಯಾ ಪಿಸುಗುಟ್ಟಿದಳು. ಕಣ್ಣು ತುಂಬಿತ್ತು. "ಯಾವಾಗ ಬೇಕಾದ್ರೂ ಬಿಡಬಹುದು. ಯಾವುದೂ ಕಟ್ಟಿಹಾಕಲ್ಲ. ಗೊತ್ತಲ್ವಾ?"

"ಗೊತ್ತು. ಅದಕ್ಕೇ ದಿನಾ ಹೊಸದಾಗಿ ಕೊಡ್ತೀನಿ."

"ಹಾಗಾದ್ರೆ ಇವತ್ತಿಂದು ಕೊಡು."

"ನೀನಂದ್ರೆ ನಂಗೆ ಪ್ರಾಣ, ಸೆನ್ಯಾ."

"...ನಾಳೇದು?"

"ನಾಳೆ ಬೆಳಿಗ್ಗೆ, ನೀನು ಎದ್ದ ಕೂಡ್ಲೇ."